ಕರೆಯದೆ ಬಿಟ್ಟ ಮನೆಗಳು

ನಮ್ಮಪ್ಪ ರಾಣೆಬೆನ್ನೂರಿನ ಒಂದು ಹತ್ತಿ ಗಿರಣಿಯಲ್ಲಿ ಮುಕಾದಮನಾಗಿದ್ದ. ಹೆಸರು ಕೇಳಿ ದೊಡ್ಡ ಹುದ್ದೆ ಅಂದುಕೊಳ್ಳಬಾರದು. ಕೆಲಸಕ್ಕೆ ಹೆಣ್ಣಾಳುಗಳನ್ನು ಕರೆಯುವುದು, ಸಾವ್ಕಾರರ ಮಾತನ್ನು ಅವರಿಗೆ ಮುಟ್ಟಿಸುವುದು, ಅವರ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಸಾವ್ಕಾರರಿಗೆ ಮುಟ್ಟಿಸುವುದು, ಇಷ್ಟೇ. ಗಿರಣಿ ವರ್ಷವಿಡೀ ನಡೆಯುತ್ತಿರಲಿಲ್ಲ. ದೀಪಾವಳಿ ಕಳೆದು ಹತ್ತಿ ಬರಲು ಶುರುವಾದಾಗ ತೆರೆದರೆ ಬಿಸಿಲು ಬಲಿತು ಹತ್ತಿ ಮುಗಿಯುವ ತನಕ ನಡೆಯುತ್ತಿತ್ತು. ಹಾಗಾಗಿ ಪ್ರತಿ ವರ್ಷವೂ ಹೆಂಗಸರನ್ನು ಹೊಸದಾಗಿ ಕರೆಯಬೇಕು. ಪಾಡ್ಯದ ಮರುದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಮ್ಮ ಓಣಿಯನ್ನೂ ಆಚೆಯ ಎರಡು ಓಣಿಗಳನ್ನೂ ಸುತ್ತುತ್ತಿದ್ದ. ಯಾರ ಮನೆಯಲ್ಲೂ ಕೂರುತ್ತಿರಲಿಲ್ಲ. ಹೊಸ್ತಿಲಾಚೆ ನಿಂತು, "ನಾಳಿಂದ ಬರ್ರಿ" ಅನ್ನುತ್ತಿದ್ದ. ಅಷ್ಟು ಸಾಕಾಗಿತ್ತು. ಸುಮಾರು ನಲವತ್ತು ಮನೆ. ಕೊನೆಗೆ ನಮ್ಮ ಮನೆಗೆ ಬಂದು, ಹೊರಗೇ ನಿಂತು, ಅವ್ವನಿಗೂ ಹಾಗೆಯೇ ಹೇಳುತ್ತಿದ್ದ. ಅವ್ವ ಒಲೆಯ ಮುಂದಿನಿಂದಲೇ, "ನೋಡೂಣು ತಡೀರಿ, ನಮ್ಮ ಮನಿಯವರನ್ನ ಕೇಳಿ ಹೇಳ್ತೇನಿ" ಅನ್ನುತ್ತಿದ್ದಳು.

ಗಿರಣಿಯೊಳಗೆ ಮೊದಲ ಸಲ ಹೋದಾಗ ನಾನು ಹೆದರಿ ಅತ್ತಿದ್ದೆ. ಯಂತ್ರದ ಸದ್ದಿಗಲ್ಲ, ಅವ್ವನನ್ನು ನೋಡಿ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗಾಗಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡ ಮುದುಕಿಯೊಬ್ಬಳು ನನ್ನನ್ನು ಕೈ ಮಾಡಿ ಕರೆಯುತ್ತಿದ್ದಳು. ಅದು ಅವ್ವ ಎಂದು ಗೊತ್ತಾಗಲು ಹೊತ್ತು ಹಿಡಿಯಿತು. ಸಾಲಾಗಿ ನಿಂತ ಯಂತ್ರಗಳಿಗೆ ಹೆಂಗಸರು ಬುಟ್ಟಿಯಿಂದ ಹತ್ತಿ ಉಣಿಸುತ್ತಿದ್ದರು. ಕಾಳು ಕೆಳಗೆ ಉದುರುತ್ತಿತ್ತು, ಅರಳೆ ಮುಂದೆ ಬರುತ್ತಿತ್ತು. ಅದರ ಧೂಳು ಬಾಗಿಲು ದಾಟಿ ಹೊರಗಿನ ಬೇವಿನ ಗಿಡ, ಲೈಟಿನ ತಂತಿ, ಚಹಾದಂಗಡಿಯ ತಗಡಿನ ಮೇಲೆಲ್ಲ ಕೂತಿರುತ್ತಿತ್ತು.

ಅವ್ವನ ಜೊತೆ ಅದೇ ಯಂತ್ರಕ್ಕೆ ನಿಲ್ಲುತ್ತಿದ್ದವಳು ನಮ್ಮ ಎದುರು ಮನೆಯಾಕೆ. ನಾನು ಆಕೆಯನ್ನು ಅವರ ಮನೆಮಾತಿನಲ್ಲಿ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳಿದ್ದರು. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವೆಂದು ಅವ್ವ ಮತ್ತು ಖಾಲಾ ಕಣ್ಣು, ಹುಬ್ಬು, ಬೆರಳುಗಳಿಂದಲೇ ಮಾತಾಡುವುದನ್ನು ಕಲಿತುಬಿಟ್ಟಿದ್ದರು. ಮನೆಗೆ ಬಂದ ಮೇಲೂ ಅದು ಬಿಡಲಿಲ್ಲ. ಇವಳು ನಮ್ಮ ಕಟ್ಟೆಯ ಮೇಲೆ, ಆಕೆ ತನ್ನ ಬಾಗಿಲಲ್ಲಿ ನಿಂತು, ನಡುವೆ ಸೈಕಲ್ಲು ಮೋಟಾರುಗಳು ಹಾಯುತ್ತಿದ್ದರೂ, ಯಾವ ಮನೆಗೆ ಯಾರು ಬಂದರು, ಇವತ್ತು ಏನು ಪಲ್ಯ ಎಂಬುದನ್ನೆಲ್ಲ ಒಂದು ಅಕ್ಷರ ಆಡದೆ ಹೇಳಿ ಮುಗಿಸುತ್ತಿದ್ದರು. ಅಪ್ಪನಿಗೆ ಅದು ಸೇರುತ್ತಿರಲಿಲ್ಲ. ತನ್ನ ಬಗ್ಗೆಯೇ ಏನೋ ಅಂದುಕೊಳ್ಳುತ್ತಿದ್ದಾರೆ ಎಂಬ ಅನುಮಾನ. ಎಷ್ಟೋ ಸಲ ಅದು ನಿಜವೂ ಆಗಿರುತ್ತಿತ್ತು.

ಗಿರಣಿ ಒಂದು ದಿನ ಮುಚ್ಚಿತು ಎಂದು ಹೇಳಲು ಬರುವುದಿಲ್ಲ. ಬೀಗ ಬೀಳಲಿಲ್ಲ, ಬಾಗಿಲ ಮುಂದೆ ಯಾರೂ ಕೂಗಲಿಲ್ಲ. ಹತ್ತಿ ಕಡಿಮೆಯಾಯಿತು, ಅಷ್ಟೇ. ಹತ್ತಿಗೆ ಹುಳದ ಕಾಟ, ಎಣ್ಣೆ ಹೊಡೆಯಬೇಕು, ಬಿಡಿಸಲು ಆಳು ಬೇಕು. ಗೋವಿನಜೋಳಕ್ಕೆ ಅಷ್ಟು ರಗಳೆ ಇಲ್ಲ. ಬಸ್ಸಿನಲ್ಲಿ ಹಾವೇರಿಗೆ ಹೋಗುವಾಗ ಕಿಟಕಿಯಾಚೆ ಬಿಳಿ ಹೊಲಗಳು ವರ್ಷ ವರ್ಷಕ್ಕೂ ಹಸಿರಾಗುತ್ತಿದ್ದವು. ನೋಡಲು ಚೆಂದವೇ. ಆದರೆ ಗೋವಿನಜೋಳವನ್ನು ರಾಶಿ ಮಾಡಿ ಲಾರಿಗೆ ತುಂಬಿದರೆ ಮುಗಿಯಿತು. ಅದಕ್ಕೆ ಗಿರಣಿ ಬೇಕಿಲ್ಲ, ನಲವತ್ತು ಜನ ಹೆಂಗಸರೂ ಬೇಕಿಲ್ಲ. ಹಂಗಾಮು ಮೊದಲು ಯುಗಾದಿಗೆ ನಿಂತಿತು, ಆಮೇಲೆ ಹೋಳಿ ಹುಣ್ಣಿಮೆಗೆ, ಆಮೇಲೆ ಶಿವರಾತ್ರಿಗೂ ಮೊದಲೇ. ಒಂದು ದೀಪಾವಳಿಗೆ ಸಾವ್ಕಾರರು ಅಪ್ಪನನ್ನು ಕರೆಸಿ, "ಈ ಸಲ ಇಪ್ಪತ್ತೈದ ಮಂದಿ ಸಾಕು. ಯಾರು ಅನ್ನೂದನ್ನ ನೀನ ನೋಡು" ಅಂದರು. ಅವರು ಕೆಟ್ಟವರಾಗಿರಲಿಲ್ಲ. ಕೆಟ್ಟ ಕೆಲಸವನ್ನು ಮಾತ್ರ ಅಪ್ಪನಿಗೆ ಬಿಟ್ಟರು.

ಅಪ್ಪ ಮೊದಲು ಬಿಟ್ಟದ್ದು ವಯಸ್ಸಾದವರನ್ನು. ಅವರಲ್ಲಿ ಒಬ್ಬಳು ಮೇಡ್ಲೇರಿ ಆಯಿ. ತವರು ಮೇಡ್ಲೇರಿ ಆದ್ದರಿಂದ ಆ ಹೆಸರು. ಗಿರಣಿ ಶುರುವಾದ ಕಾಲದಿಂದ ಇದ್ದವಳು, ಅವ್ವನಿಗೂ ಖಾಲಾನಿಗೂ ಕೆಲಸ ಕಲಿಸಿದವಳು. ಆ ವರ್ಷ ಅಪ್ಪ ಅವಳ ಮನೆಯ ಮುಂದಿನಿಂದ ಹೋಗಲಿಲ್ಲ. ಸುತ್ತು ಬಳಸಿ ಹಿಂದಿನ ಸಂದಿಯಿಂದ ಆಚೆ ಓಣಿಗೆ ದಾಟಿದ. ಮೂರನೇ ದಿನ ಅವಳೇ ನಮ್ಮ ಮನೆಗೆ ಬಂದಳು. ಎರಡೂ ಕೈಗಳನ್ನು ಅಪ್ಪನ ಮುಂದೆ ಹಿಡಿದಳು.

"ಯಾಕಪಾ, ನನ್ನ ಕೈ ಏನ ಸೊಟ್ಟ ಆಗ್ಯಾವೇನ?"

"ಇಲ್ಲಬೇ ಆಯಿ, ಹತ್ತಿನ ಇಲ್ಲ ಈ ಸಲ."

"ಉಳದವರಿಗೆ ಹೆಂಗ ಐತಿ?"

ಅವ್ವ ಚಹಾ ತಂದಿಟ್ಟಳು. ಆಯಿ ಕುಡಿಯದೆ ಎದ್ದು ಹೋದಳು. ಮುಂದೆ ಕೆಲವೇ ತಿಂಗಳಿಗೆ ಊರು ಬಿಟ್ಟು ಮೇಡ್ಲೇರಿಯಲ್ಲಿದ್ದ ಮಗಳ ಮನೆ ಸೇರಿದಳೆಂದು ಕೇಳಿದೆವು.

ಇಪ್ಪತ್ತೈದು ಹದಿನೈದಾಯಿತು. ಅಪ್ಪ ಈಗ ದುಡಿಯುವ ಗಂಡುಮಕ್ಕಳಿದ್ದ ಮನೆಗಳನ್ನು ಬಿಟ್ಟ. ಅದರಲ್ಲೂ ಲೆಕ್ಕ ತಪ್ಪಿತು. ಮಗ ದುಡಿಯುತ್ತಾನೆ, ಆದರೆ ಮನೆಗೆ ತರುವುದಿಲ್ಲ ಎಂಬ ಸಂಗತಿ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಒಬ್ಬಳು ನಲ್ಲಿಯ ಹತ್ತಿರ ಎಲ್ಲರೆದುರು, "ಮುಕಾದಮನ ಹೇಣತಿ ಹೆಸರು ಮಾತ್ರ ಎಂದೂ ತಪ್ಪೂದಿಲ್ಲ" ಅಂದಳು. ಅವ್ವ ಕೊಡ ತುಂಬಿಸದೆ ಬಂದಳು. ಮದುವೆ, ಸೀಮಂತಕ್ಕೆ ನಮ್ಮನ್ನು ಕರೆಯುವವರು ಕಡಿಮೆಯಾದರು. ಅಪ್ಪ ಓಣಿಯಲ್ಲಿ ತಲೆ ತಗ್ಗಿಸಿ ನಡೆಯುವುದನ್ನು ರೂಢಿ ಮಾಡಿಕೊಂಡ.

ಕೊನೆಯ ವರ್ಷ ಎಂಟು ಜನ ಸಾಕೆಂದರು. ನಾನಾಗ ಹಾವೇರಿಯಲ್ಲಿ ಶಿಕ್ಷಕರ ತರಬೇತಿಯಲ್ಲಿದ್ದೆ, ಹಬ್ಬದ ರಜೆಗೆ ಬಂದಿದ್ದೆ. ಮಧ್ಯಾಹ್ನ ಅವ್ವ ಬಟ್ಟೆ ಒಗೆಯಲು ಹೋಗಿದ್ದಾಗ ಅಪ್ಪ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡ.

"ನೀ ಓದಿದಾಕಿ, ಹೇಳ ನೋಡೂಣು. ಏಳ ಮಂದಿ ಆದ್ರು. ಎಂಟನೇದಾಕಿ ನಿಮ್ಮವ್ವನೋ, ಎದುರ ಮನಿಯಾಕಿನೋ?"

ನಾನು ಯೋಚಿಸಲೂ ಇಲ್ಲ. "ಖಾಲಾನ್ನ ಕರಿಯಪ್ಪಾ. ಆಕಿಗೆ ಯಾರದಾರ? ಅವ್ವಗ ನಾವದೇವಿ. ನನಗೂ ನಾಳೆ ನೌಕರಿ ಸಿಗತೈತಿ."

ಅಪ್ಪನ ಮುಖ ಹಗುರಾಯಿತು. ನನಗೂ ಒಳಗೊಳಗೇ ಹೆಮ್ಮೆ. ನ್ಯಾಯವಾದ ಮಾತು ಹೇಳಿದೆ ಅನಿಸಿತು. ಓಣಿಯ ಬಾಯಿಯೂ ಮುಚ್ಚುತ್ತದೆ, ಅವ್ವನಿಗೂ ಧೂಳಿನಿಂದ ಬಿಡುಗಡೆ.

ಮರುದಿನ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಅವ್ವ ಮೂಗಿಗೆ ಕಟ್ಟುವ ಬಟ್ಟೆಯನ್ನು ಬೆಳಗ್ಗೆಯೇ ಒಗೆದು ಹಗ್ಗಕ್ಕೆ ಹಾಕಿದ್ದಳು. ಎಂಟೇ ಮನೆ, ಅಪ್ಪ ಬೇಗ ವಾಪಸ್ಸಾದ. ಹೊಸ್ತಿಲಾಚೆ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ನೆಟ್ಟಗೆ ಒಳಗೆ ಬಂದು ಗೋಡೆಗೆ ಒರಗಿ ಕೂತ. ಅವ್ವ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

"ಯಾರನ್ನ ಕರದ್ರಿ?"

"ಎದುರಿನಾಕಿನ್ನ."

"ಛಲೋ ಮಾಡಿದ್ರಿ." ರೊಟ್ಟಿ ಬಡಿಯತೊಡಗಿದಳು. ಎರಡು ರೊಟ್ಟಿ ಆದ ಮೇಲೆ ಕೈ ನಿಲ್ಲಿಸಿದಳು. "ನನ್ನ ಒಂದ ಮಾತ ಕೇಳಬೇಕಿತ್ತು. ನಾನ ಅಂತಿದ್ನೋ ಏನೋ, ಆಕಿನ್ನ ಕರೀರಿ, ನಾ ಇರತೇನಿ ಅಂತ. ಕೇಳಬೇಕಿತ್ತಿಲ್ಲೋ?"

ಅಪ್ಪ ನನ್ನ ಕಡೆ ನೋಡಿದ. ಅವ್ವನಿಗೆ ಅಷ್ಟೇ ಸಾಕಾಯಿತು. ಕಣ್ಣಿನಲ್ಲಿ ಮಾತು ಓದುವುದು ಅವಳಿಗೆ ಹೊಸದಲ್ಲ.

"ಓ, ಈಕಿನ್ನ ಕೇಳೀರೇನು?"

"ನಾನ ಹೇಳೀನವ್ವಾ," ಅಂದೆ. "ಇನ್ನ ಯಾಕ ನಿನಗ ಆ ಧೂಳು, ಆ ಕೆಮ್ಮು. ಮನ್ಯಾಗ ಆರಾಮ ಇರು."

"ಇಪ್ಪತ್ತೆರಡ ವರ್ಷ ಆ ಧೂಳಿನ್ಯಾಗ ನಿಂತಾಕಿ ನಾನು. ನೀ ಒಂದ ತಾಸು ನಿಂತಿಲ್ಲ." ದನಿ ಏರಲಿಲ್ಲ. ಅದಕ್ಕೇ ನನಗೆ ಇವತ್ತಿಗೂ ಆ ಮಾತು ಹಾಗೇ ಕೇಳುತ್ತದೆ. "ನನಗ ಆರಾಮ ಬೇಕೋ ಬ್ಯಾಡೋ ಅನ್ನೂದನ್ನ ನಾ ಇಲ್ಲದಾಗ ನೀವಿಬ್ರು ಕುಂತು ಬಗೀಹರಿಸಿದ್ರಿ."

ಆ ಮೇಲೆ ಅವ್ವ ಅಪ್ಪನೊಡನೆ ಬೇಕಾದಷ್ಟೇ ಮಾತಾಡಿದಳು. ನೀರು ಕಾದಿದೆ, ಊಟಕ್ಕೆ ಬನ್ನಿ, ಇಂಥದ್ದು. ನನಗೆ ಹೆಚ್ಚು ಕೆಟ್ಟದ್ದೆನಿಸಿದ್ದು ಖಾಲಾನ ವಿಷಯ. ಖಾಲಾ ತನ್ನ ಬಾಗಿಲಿಗೆ ಬಂದು ನಿಂತರೆ ಅವ್ವ ಒಳಗೆ ಬರುತ್ತಿದ್ದಳು. ಸಿಟ್ಟಿನಿಂದಲ್ಲವಂತೆ. "ಆಕಿ ಕಣ್ಣಾಗ 'ತಪ್ಪಾತು' ಅಂತಾಳ. ಆಕೀದೇನ ತಪ್ಪ? ನನಗ ಅದನ್ನ ನೋಡಾಕ ಆಗೂದಿಲ್ಲ" ಎಂದು ಬಹಳ ದಿನಗಳ ಮೇಲೆ ನನಗೆ ಹೇಳಿದಳು.

ಆ ಹಂಗಾಮು ಸಂಕ್ರಾಂತಿ ದಾಟಲಿಲ್ಲ. ಒಂದು ಮಧ್ಯಾಹ್ನ ಎಂಟು ಜನರೂ ಬುತ್ತಿಗಂಟು ಹಿಡಿದು ವಾಪಸ್ಸು ಬಂದರು. ಮುಂದಿನ ದೀಪಾವಳಿಗೆ ಸಾವ್ಕಾರರ ಮನೆಯಿಂದ ಹೇಳಿಕೆ ಬರಲಿಲ್ಲ. ಅಪ್ಪ ಎರಡು ದಿನ ಕಾದು, ತಾನೇ ಹೋಗಿ ಬಂದ. ಯಂತ್ರಗಳನ್ನು ಬಿಚ್ಚಿ ಲಾರಿಗೆ ಹೇರುತ್ತಿದ್ದರಂತೆ. ಆ ಜಾಗವನ್ನು ಗೋವಿನಜೋಳದ ಗೋದಾಮು ಮಾಡುವುದಿತ್ತು. ಅಪ್ಪನಿಗೆ ಕಾವಲಿಗೆ ಇರು ಅಂದರು. ಒಲ್ಲೆ ಅಂದು ಬಂದುಬಿಟ್ಟ. ಯಾರನ್ನೂ ಕೆಲಸದಿಂದ ತೆಗೆದಿರಲಿಲ್ಲ, ಏಕೆಂದರೆ ಯಾರನ್ನೂ ಕೆಲಸಕ್ಕೆ ತೆಗೆದುಕೊಂಡ ಕಾಗದವೇ ಇರಲಿಲ್ಲ. ಬರೀ ಕರೆಯುತ್ತಿದ್ದರು, ಕರೆಯುವುದನ್ನು ಬಿಟ್ಟರು.

ಮೆಣಸಿನಕಾಯಿ ಬರುವ ಹೊತ್ತಿಗೆ ಅವ್ವ ಒಂದು ದಿನ ಯಾರಿಗೂ ಹೇಳದೆ ಬ್ಯಾಡಗಿಗೆ ಬಸ್ಸು ಹತ್ತಿದಳು. ಅಲ್ಲಿ ವ್ಯಾಪಾರಸ್ಥರ ಅಂಗಡಿಗಳ ಹಿಂದೆ ಗುಡ್ಡೆ ಗುಡ್ಡೆ ಕೆಂಪು ಕಾಯಿ ಹಾಕಿರುತ್ತಾರೆ. ಹೆಂಗಸರು ಸುತ್ತ ಕೂತು ತುಂಬು ಬಿಡಿಸಬೇಕು, ಅಂದರೆ ಕಾಯಿಯ ತೊಟ್ಟು ಮುರಿಯಬೇಕು. ಸಂಜೆ ಬಂದಾಗ ಅವಳ ಬೆರಳುಗಳು ಬಾತುಕೊಂಡಿದ್ದವು, ಕಣ್ಣು ಕೆಂಡವಾಗಿತ್ತು. ಉರಿಗೆ ಮಡಕೆಯ ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕೂತಳು. ಅಪ್ಪ ಇನ್ನಷ್ಟು ಮಜ್ಜಿಗೆ ತಂದು ಸುರಿದ.

"ನಾಳೆ ಹೋಗಬ್ಯಾಡ," ಅಂದ.

"ಇಷ್ಟ ವರ್ಷ ಹೋಗು ಅಂದ್ರಿ, ಆಮ್ಯಾಲ ಬ್ಯಾಡ ಅಂದ್ರಿ. ಈಗ ನನಗ ಬಿಡ್ರಿ."

ಮರುದಿನ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟವಳು ಓಣಿ ದಾಟಿ ಖಾಲಾನ ಮನೆಯೊಳಗೆ ಹೋದಳು. ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೇ ಹೋಗಿ ಚಾಪೆಯ ಮೇಲೆ ಕೂತಳಂತೆ. "ಬ್ಯಾಡಗಿಗೆ ಹೊಂಟೇನಿ. ಕೈ ಸುಡತಾವು, ಮೊದಲ ಹೇಳತೇನಿ. ಬರತೀಯೇನ?" ಖಾಲಾ ಅತ್ತಳು. ಅಳುತ್ತಲೇ ಬುತ್ತಿ ಕಟ್ಟಿದಳು. ಅವತ್ತಿನಿಂದ ಇಬ್ಬರೂ ಕೂಡಿ ಹೋದರು.

ಒಬ್ಬೊಬ್ಬರೇ ಸೇರಿಕೊಂಡರು. ನಲ್ಲಿಯ ಹತ್ತಿರ ಹಾಗೆ ಮಾತಾಡಿದವಳೂ ಬಂದಳು. ಬಸ್ಸಿನ ಬದಲು ಒಂದು ಟಂಟಂ ಆಟೋ ಗೊತ್ತು ಮಾಡಿಕೊಂಡರು. ಅದರಲ್ಲಿ ಒತ್ತಿ ಕೂತರೆ ಹತ್ತು ಜನ ಹಿಡಿಸುತ್ತಿದ್ದರು. ಬರುವವರು ಹದಿನಾರಾದರು. ಆಗ ಅವ್ವ ಒಂದು ರೂಢಿ ಹಾಕಿದಳು: ಪಾಳಿ ಪ್ರಕಾರ ಹೋಗುವುದು. ಇವತ್ತು ಉಳಿದವರು ನಾಳೆ ಮೊದಲು ಹತ್ತಬೇಕು. ಟಂಟಂ ಗೊತ್ತು ಮಾಡಿದವಳು ತಾನೇ ಆದರೂ ತನ್ನ ಪಾಳಿ ಇಲ್ಲದ ದಿನ ಅವಳೂ ಮನೆಯಲ್ಲಿ ಉಳಿಯುತ್ತಿದ್ದಳು.

ಅಷ್ಟು ಹೊತ್ತಿಗೆ ನನಗೆ ಹಲಗೇರಿಯ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ದಿನಾ ಮನೆಯಿಂದಲೇ ಹೋಗಿ ಬರುತ್ತಿದ್ದೆ. ಒಂದು ಬೆಳಗ್ಗೆ ಬಸ್ಸಿಗೆ ಹೊರಡುವಾಗ ನೋಡಿದರೆ ಅಪ್ಪ ಕಟ್ಟೆಯ ಮೇಲೆ ಕೂತು ಟಂಟಂ ಹತ್ತುವವರನ್ನು ನೋಡುತ್ತಿದ್ದ. ಅವ್ವ ಹತ್ತಿರದಲ್ಲೇ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ನೀ ಹೋಗೂದಿಲ್ಲೇನು ಇವತ್ತ?" ಅಪ್ಪ ಕೇಳಿದ.

"ಇವತ್ತ ನನ್ನ ಪಾಳಿ ಇಲ್ಲ."

ಟಂಟಂ ಹೋಯಿತು. ಅಪ್ಪ ಅದರ ಧೂಳನ್ನೇ ನೋಡುತ್ತಿದ್ದ. ಆಮೇಲೆ, ಯಾರಿಗೂ ಅಲ್ಲ ಎಂಬಂತೆ, "ಎಂಟ ಮಂದೀನ್ನ ಪಾಳಿ ಮ್ಯಾಲ ಕರೀಬೋದಾಗಿತ್ತು. ಈ ವಾರ ಎಂಟು, ಮುಂದಿನ ವಾರ ಬ್ಯಾರೆ ಎಂಟು" ಅಂದ.

ಅವ್ವನ ಕೈಯಲ್ಲಿ ಮೊರ ನಿಂತಿತು. "ಸಾವ್ಕಾರರು ಒಪ್ಪತಿದ್ದಿಲ್ಲ ಬಿಡ್ರಿ."

"ಕೇಳಿದ್ರ ತಾನ ಗೊತ್ತಾಗೂದು? ನಾ ಕೇಳಲೇ ಇಲ್ಲ. ನನಗದು ಹೊಳೀಲೇ ಇಲ್ಲ."

ನನಗೂ ಹೊಳೆದಿರಲಿಲ್ಲ. ಮಕ್ಕಳಿಗೆ ಸರದಿ ಕಲಿಸುವುದು ಹೇಗೆಂದು ತರಬೇತಿ ಪಡೆಯುತ್ತಿದ್ದವಳು, ಕಟ್ಟೆಯ ಮೇಲೆ ಕೂತು ಒಬ್ಬಳನ್ನು ಇಡು, ಒಬ್ಬಳನ್ನು ಬಿಡು ಎಂದು ಹೇಳಿದ್ದೆ. ಅವತ್ತು ಶಾಲೆಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಮುಂದಿನ ರವಿವಾರ ಅಪ್ಪ, "ಮೇಡ್ಲೇರಿಗೆ ಹೋಗಬೇಕು, ನೀ ಬಾ" ಅಂದ. ಯಾಕೆಂದು ನಾನು ಕೇಳಲಿಲ್ಲ. ಬಸ್ಸಿಳಿದು, ಹೊಳೆ ನೀರಿನ ಗದ್ದೆಗಳ ದಾರಿಯಲ್ಲಿ ನಡೆದು, ಕೇಳುತ್ತಾ ಕೇಳುತ್ತಾ ಆಯಿಯ ಮಗಳ ಮನೆ ಹುಡುಕಿದೆವು. ಆಯಿ ಪಡಸಾಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಕಣ್ಣು ಮಂಜಾಗಿತ್ತು, ಉಸಿರು ಬಿಟ್ಟಾಗಲೆಲ್ಲ ಎದೆಯೊಳಗೆ ಸಣ್ಣ ಸಿಳ್ಳೆ ಕೇಳುತ್ತಿತ್ತು. ಅಪ್ಪ ರೂಢಿಯಂತೆ ಹೊಸ್ತಿಲಾಚೆಯೇ ನಿಂತು, "ಆಯೀ" ಅಂದ. ದನಿ ಗುರುತು ಸಿಕ್ಕಿತು. ಅವಳು ಗೋಡೆ ಹಿಡಿದು ಎದ್ದು ನಿಂತಳು.

"ಬಂದ್ಯಾ? ಹತ್ತಿ ಬಂತೇನ? ನಾಳಿಂದ ಏನು?" ಮಗಳ ಕಡೆ ತಿರುಗಿ, "ನನ್ನ ಮೂಗಿನ ಅರಿವಿ ಎಲ್ಲಿ ಐತಿ ನೋಡ" ಅಂದಳು.

ಅಪ್ಪ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. ಮಗಳು ನಮಗೆ ಮೆಲ್ಲಗೆ, "ಹಿಂಗ ಮಾಡ್ತಾಳ್ರಿ ಆಗಾಗ. ನೆಪ್ಪ ಹತ್ತೂದಿಲ್ಲ" ಎಂದಳು. ಹೇಳಬೇಕೆಂದು ಅಪ್ಪ ತಂದಿದ್ದ ಮಾತನ್ನು ಈಗ ಹೇಳುವ ಹಾಗಿರಲಿಲ್ಲ. ತಪ್ಪಾಯಿತು ಎಂದು ಹೇಳಬೇಕಾದರೆ, ಬಿಟ್ಟದ್ದು ಅವಳಿಗೆ ನೆನಪಿರಬೇಕಲ್ಲ.

"ಇಲ್ಲಬೇ ಆಯಿ, ಹತ್ತಿ ಇನ್ನೂ ಬಂದಿಲ್ಲ. ನಿನ್ನ ನೋಡಾಕ ಬಂದೆ."

ಆಯಿ ಮೆಲ್ಲಗೆ ಕೂತಳು. "ಹಂಗಾರ ಉಂಡು ಹೋಗ್ರಿ" ಅಂದಳು. ಉಂಡೆವು. ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ರಾಣೆಬೆನ್ನೂರು ಬಂದದ್ದು ಅವನಿಗೆ ತಿಳಿಯಲಿಲ್ಲ, ನಾನೇ ಎಬ್ಬಿಸಿದೆ. ಆ ಮಳೆಗಾಲದಲ್ಲಿ ಆಯಿ ತೀರಿಕೊಂಡಳು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಖಾಲಾ ಈಗ ಬ್ಯಾಡಗಿಗೆ ಹೋಗುವುದಿಲ್ಲ. ಹತ್ತಿಯ ಧೂಳು ತಿಂದ ಎದೆಗೆ ಮೆಣಸಿನಕಾಯಿಯ ಘಾಟು ತಡೆಯಲಿಲ್ಲ. ಹಾವೇರಿಯ ವೈದ್ಯರು ಹೋಗಲೇಬೇಡಿ ಅಂದರು. ಅವ್ವನಿಗೂ ಕೆಮ್ಮಿದೆ, ಆದರೆ ಅವಳು ವೈದ್ಯರ ಹತ್ತಿರ ಬರುವುದಿಲ್ಲ. ಬಂದರೆ ತನಗೂ ಕೆಲಸ ಬಿಡಿಸುತ್ತಾರೆ ಅನ್ನುತ್ತಾಳೆ.

ಹೋದ ಹಂಗಾಮಿನಲ್ಲಿ ಇವರು ಕೂರುತ್ತಿದ್ದ ಅಂಗಡಿಯವನು, "ದಿನಾ ಹೊಸಾ ಮಂದಿ ಬ್ಯಾಡ. ಚುರುಕ ಕೈಯವರು ಹತ್ತ ಮಂದಿ ಖಾಯಂ ಬರ್ರಿ" ಅಂದನಂತೆ. ಅವ್ವ, "ಪಾಳಿ ಬಿಡೂದಿಲ್ರಿ. ಬ್ಯಾಡಂದ್ರ ಹೇಳ್ರಿ, ಇಲ್ಲೇ ಟಂಟಂ ತಿರುಗಸ್ತೇವಿ" ಎಂದು ಎದ್ದು ನಿಂತಳು. ಹತ್ತೂ ಜನ ಹೋಗಿ ಗಾಡಿಯಲ್ಲಿ ಕೂತರು. ಬಿಸಿಲಲ್ಲಿ ಕಾಯಿ ಹರವಿ ಬಿದ್ದಿತ್ತು. ಒಂದು ತಾಸಾದ ಮೇಲೆ ಅವನೇ ಬಂದು ಕರೆದ. ಅವ್ವ ಇದನ್ನು ಮನೆಯಲ್ಲಿ ಹೇಳಿದಾಗ ಅಪ್ಪ ಮೂರು ಸಲ ಕೇಳಿದ, "ಖರೇನ ಒಪ್ಪಿದ್ನಾ? ಕೇಳಿದ ಕೂಡ್ಲೆ ಒಪ್ಪಿದ್ನಾ?" ಅವನ ಮುಖ ನೋಡಲಾಗದೆ ಅವ್ವ ಮಾತು ಬದಲಿಸಿದಳು.

ಆದರೆ ಈ ವರ್ಷ ಆ ಅಂಗಡಿಯವನು ಕರೆಯಲಿಲ್ಲ. ತುಂಬು ಬಿಡಿಸುವ ಕೆಲಸವೇ ಕಡಿಮೆಯಾಗಿದೆ ಅನ್ನುತ್ತಾರೆ; ಯಂತ್ರ ಬಂದಿದೆ ಅನ್ನುವವರೂ ಇದ್ದಾರೆ. ಬೇರೆ ಅಂಗಡಿ ಸಿಕ್ಕಿದೆ, ವಾರಕ್ಕೆ ಮೂರೇ ದಿನ, ಅದೂ ಆರು ಜನಕ್ಕೆ. ಖಾಲಾನನ್ನು ಬಿಟ್ಟು ಉಳಿದ ಹದಿನೈದು ಜನರಿಗೆ ಆರರ ಪಾಳಿ ಹಾಕಿದರೆ ಒಬ್ಬೊಬ್ಬರಿಗೆ ವಾರಕ್ಕೆ ಒಂದು ದಿನದ ಮೇಲೆ ಸಿಗುವುದು ಕಷ್ಟ, ಟಂಟಂನ ಬಾಡಿಗೆಯೂ ಮೈಮೇಲೆ. ಯಾರಾದರೂ ಬಿಡಬೇಕೋ, ಪಾಳಿಯಲ್ಲೇ ನಡೆಸಬೇಕೋ ಎಂದು ಕೇಳಲು ಮೊನ್ನೆ ಸಂಜೆ ಅವ್ವ ಎಲ್ಲರನ್ನೂ ನಮ್ಮ ಮನೆಗೆ ಬರಹೇಳಿದಳು. ಪಡಸಾಲೆ ತುಂಬಿತು. ಖಾಲಾನೂ ಬಂದು ಬಾಗಿಲ ಹತ್ತಿರ ಕೂತಳು. ಅಪ್ಪ ಎದ್ದು ಹೊರಗೆ ಹೋಗಲು ನೋಡಿದ.

"ಕುಂದರ್ರಿ," ಅಂದಳು ಅವ್ವ. "ನಿಮಗ ಗೊತ್ತಿದ್ದದ್ದು ನಮಗ ಗೊತ್ತಿಲ್ಲ. ಬಿಡೂದಂದ್ರ ಏನಂತ ನೀವ ಹೇಳ್ರಿ."

ಅಪ್ಪ ಕೂತ. ಮಾತು ಬೇಗ ಮುಗಿಯಲಿಲ್ಲ. ಇಬ್ಬರು ಜಗಳಾಡಿದರು. ಒಬ್ಬಳು ಹೋದ ವರ್ಷ ತಾನು ಬಿಟ್ಟುಕೊಟ್ಟ ಪಾಳಿಯನ್ನು ಎತ್ತಿ ಆಡಿದಳು. ನಾನು ಎರಡು ಸಲ ಚಹಾ ಮಾಡಿದೆ. ಯಾರೂ ನನ್ನ ಅಭಿಪ್ರಾಯ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೆ ನಾಲ್ಕು ಜನ ತಾವಾಗಿಯೇ, ನಮಗೆ ಬೇಡ, ಊರಲ್ಲೇ ಬೇರೆ ಏನಾದರೂ ನೋಡಿಕೊಳ್ಳುತ್ತೇವೆ ಅಂದರು. ಅವ್ವ ಅವರೊಬ್ಬೊಬ್ಬರನ್ನೂ, "ಖರೇ ಹೇಳಾಕತ್ತೀರೋ, ಹಂಗ ಅಂತೀರೋ" ಎಂದು ಕೇಳಿದಳು. ಮೂವರು ಖರೇ ಅಂದರು. ನಾಲ್ಕನೆಯವಳು ಖಾಲಿ ಲೋಟಗಳನ್ನು ಒಟ್ಟು ಮಾಡಿಕೊಂಡು ಬಚ್ಚಲಿಗೆ ಹೋದಳು, ಎಲ್ಲವನ್ನೂ ತೊಳೆದು ಬೋರಲು ಹಾಕಿ, ಹಿಂದಿನ ಬಾಗಿಲಿನಿಂದ ಮನೆಗೆ ನಡೆದಳು.